ನಾಯಿಯ ಮೂತ್ರಚೀಲದಲ್ಲಿ ಕಲ್ಲು: ಆಪರೇಷನ್ ಬೇಕೇ ಬೇಕಾ, ಆಹಾರದಲ್ಲೇ ಕರಗುತ್ತಾ?

ಚುಕ್ಕಿಮನೆ:

ಎಲ್ಲರಿಗೂ ನಮಸ್ಕಾರ. ನಮ್ಮ ಚುಕ್ಕಿಗೆ 6 ವರ್ಷ. ಹೆಣ್ಣು ನಾಯಿ, ಮಿಶ್ರ ತಳಿ, ಮರಿ ಆಗದ ಹಾಗೆ ಆಪರೇಷನ್ ಆಗಿದೆ. ಈಚೆಗೆ ಹೊರಗೆ ಕರೆದುಕೊಂಡು ಹೋದರೆ ಹತ್ತು ಹೆಜ್ಜೆಗೊಮ್ಮೆ ಕೂರುತ್ತಾಳೆ, ಬರುವುದು ನಾಲ್ಕು ಹನಿ. ಕೊನೆಗೆ ಬೀಳುವ ಹನಿ ಕೆಂಪಗಿರುತ್ತದೆ. ಮನೆಯೊಳಗೆ ಯಾವತ್ತೂ ಉಚ್ಚೆ ಮಾಡದವಳು ಈಗ ಬಾಗಿಲ ಹತ್ತಿರವೇ ಮಾಡಿಬಿಡುತ್ತಾಳೆ.

ಎಕ್ಸ್‌ರೇ ತೆಗೆಸಿದೆವು. ಮೂತ್ರಚೀಲದಲ್ಲಿ ಮೂರು ಕಲ್ಲು ಬೆಳ್ಳಗೆ ಎದ್ದು ಕಾಣುತ್ತವೆ, ಅಂಚು ನುಣುಪಾಗಿವೆ. ಮೂತ್ರ ಪರೀಕ್ಷೆಯಲ್ಲಿ ಪಿಎಚ್ 8, ಬಿಳಿ ರಕ್ತಕಣ ಜಾಸ್ತಿ, ಸ್ಟ್ರೂವೈಟ್ ಹರಳು ಇದೆ ಎಂದು ಬರೆದಿದ್ದಾರೆ. ಕಲ್ಚರ್ (ಉಚ್ಚೆಯಲ್ಲಿ ಯಾವ ಬ್ಯಾಕ್ಟೀರಿಯಾ ಇದೆ ಅಂತ ಬೆಳೆಸಿ ನೋಡುವ ಪರೀಕ್ಷೆ) ರಿಪೋರ್ಟ್ ಇನ್ನೂ ಬಂದಿಲ್ಲ. ಒಬ್ಬ ಡಾಕ್ಟರ್ "ಹೊಟ್ಟೆ ಕೊಯ್ದು ತೆಗೆದುಬಿಡೋಣ, ಒಂದೇ ಸಲಕ್ಕೆ ಮುಗಿಯುತ್ತದೆ" ಅಂದರು. ಇನ್ನೊಬ್ಬರು "ಆಹಾರ ಬದಲಿಸಿ, ಕರಗಬಹುದು" ಅಂದರು. ಇಂಟರ್ನೆಟ್‌ನಲ್ಲಿ ನೋಡಿದರೆ ಅರ್ಧ ಜನ ಕರಗುತ್ತದೆ ಅನ್ನುತ್ತಾರೆ, ಇನ್ನರ್ಧ ಜನ ಕರಗುವುದೇ ಇಲ್ಲ ಅನ್ನುತ್ತಾರೆ. ಯಾರನ್ನು ನಂಬುವುದು?

ಇನ್ನೊಂದು ಚಿಕ್ಕ ವಿಷಯ. ಮನೆಯಲ್ಲಿ ಒಂದು ಬೆಕ್ಕೂ ಇದೆ, ಗಂಡು, 4 ವರ್ಷ. ನಿನ್ನೆ ರಾತ್ರಿಯಿಂದ ಲಿಟರ್ ಟ್ರೇಗೆ ಹೋಗುತ್ತಾನೆ, ಕೂರುತ್ತಾನೆ, ತಿಣುಕುತ್ತಾನೆ, ಏನೂ ಆಗದೆ ಎದ್ದು ಬರುತ್ತಾನೆ. ಮಲಬದ್ಧತೆ ಇರಬೇಕು. ಹೊಟ್ಟೆ ಸಲೀಸಾಗಲು ಮನೆಯಲ್ಲೇ ಏನಾದರೂ ಕೊಡಬಹುದಾ?

ರಾತ್ರಿಪಾಳಿ:

ನಾಯಿಯ ಪ್ರಶ್ನೆ ನಾಳೆಗೆ ಇಟ್ಟುಕೊಳ್ಳಿ. ಮೊದಲು ಬೆಕ್ಕನ್ನು ಎತ್ತಿಕೊಂಡು ಆಸ್ಪತ್ರೆಗೆ ಹೊರಡಿ. ಈಗಲೇ. ಬೆಳಗಾಗಲಿ ಅಂತ ಕಾಯಬೇಡಿ.

ಗಂಡು ಬೆಕ್ಕು ಟ್ರೇಯಲ್ಲಿ ತಿಣುಕಿದರೆ ಅದು ಮಲಬದ್ಧತೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಉಚ್ಚೆ ಕಟ್ಟಿಕೊಂಡಾಗಲೂ ಕೂರುವ ಭಂಗಿ ಹೆಚ್ಚುಕಡಿಮೆ ಅದೇ ಆದ್ದರಿಂದ ನೋಡಿದವರಿಗೆ ಗೊತ್ತಾಗುವುದಿಲ್ಲ. ಟ್ರೇಯಲ್ಲಿ ಕಡೇ ಸಲ ಒದ್ದೆ ಉಂಡೆ ಸಿಕ್ಕಿದ್ದು ಯಾವಾಗ? ಅದನ್ನು ನೆನಪಿಸಿಕೊಳ್ಳಿ, ಡಾಕ್ಟರ್ ಮೊದಲು ಕೇಳುವುದೇ ಅದು. ಪದೇ ಪದೇ ಹಿಂದುಗಡೆ ನೆಕ್ಕಿಕೊಳ್ಳುತ್ತಿದ್ದಾನಾ? ವಾಂತಿ ಆಯ್ತಾ? ಊಟ ಬಿಟ್ಟಿದ್ದಾನಾ? ಇದರಲ್ಲಿ ಒಂದಕ್ಕೆ ಹೌದು ಅನ್ನುವುದಾದರೆ ಇದನ್ನು ಪೂರ್ತಿ ಓದುವುದೂ ಬೇಡ, ಹೊರಡಿ.

ಹಳೇಬೆಕ್ಕು:

ಮೇಲಿನವರು ಹೇಳಿದ್ದು ನೂರಕ್ಕೆ ನೂರು ಸರಿ. ಮುಂದೆ ಈ ಪ್ರಶ್ನೆ ಹುಡುಕಿಕೊಂಡು ಬರುವವರಿಗೂ ಆಗಲಿ ಅಂತ ಕಾರಣ ಬರೆಯುತ್ತೇನೆ.

ಗಂಡು ಬೆಕ್ಕಿನ ಮೂತ್ರನಾಳ ತುದಿಗೆ ಬರುತ್ತಾ ಬರುತ್ತಾ ತುಂಬ ಕಿರಿದಾಗುತ್ತದೆ. ಅಲ್ಲಿ ಸಣ್ಣ ಕಲ್ಲೇ ಸಿಕ್ಕಿಕೊಳ್ಳಬೇಕೆಂದಿಲ್ಲ. ಲೋಳೆ, ಸತ್ತ ಜೀವಕೋಶ, ಮರಳಿನಂಥ ಹರಳು ಎಲ್ಲ ಸೇರಿ ಒಂದು ಬಿರಡೆ ಆಗುತ್ತದೆ, ಅಷ್ಟು ಸಾಕು. ಉಚ್ಚೆ ಹೊರಗೆ ಹೋಗದಿದ್ದರೆ ಚೀಲ ಉಬ್ಬುತ್ತದೆ, ಒತ್ತಡ ಹಿಂದಕ್ಕೆ ಕಿಡ್ನಿವರೆಗೂ ಹೋಗುತ್ತದೆ, ಹೊರಹೋಗಬೇಕಾದ ಪೊಟ್ಯಾಸಿಯಂ ರಕ್ತದಲ್ಲೇ ಉಳಿದು ಏರುತ್ತದೆ. ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತ ನಿಧಾನವಾಗಿ ತಾಳ ತಪ್ಪುತ್ತದೆ. ಪೂರ್ತಿ ಕಟ್ಟಿಕೊಂಡ ಬೆಕ್ಕನ್ನು ಹಾಗೇ ಬಿಟ್ಟರೆ 2-3 ದಿನದಲ್ಲಿ ಸಾಯುತ್ತದೆ. ಕೆಲವು ಅದಕ್ಕೂ ಮೊದಲೇ.

ಮನೆಯಲ್ಲಿ ಮಾಡಬಾರದ್ದು: ಹೊಟ್ಟೆ ಸಲೀಸು ಮಾಡುವ ಮದ್ದು ಕೊಡಬೇಡಿ, ಅದರಿಂದ ಏನೂ ಉಪಯೋಗ ಇಲ್ಲ, ಹೊತ್ತು ಹಾಳು. ಬಾಯಿಗೆ ನೀರು ಹೊಯ್ಯಬೇಡಿ. ಕೆಳಹೊಟ್ಟೆ ಮುಟ್ಟಿದರೆ ಗಟ್ಟಿ ಉಂಡೆ ಕೈಗೆ ಸಿಗಬಹುದು, ಅದೇ ತುಂಬಿದ ಮೂತ್ರಚೀಲ, ಒತ್ತಿ ಖಾಲಿ ಮಾಡಿಸಲು ಹೋಗಬೇಡಿ, ಒಡೆದುಹೋಗುತ್ತದೆ. ಪಾಪ ನೋವು ಅಂತ ಮನುಷ್ಯರ ಮಾತ್ರೆಯಂತೂ ಬೇಡವೇ ಬೇಡ. ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ, ಒಂದೇ ಮಾತ್ರೆ ಜೀವ ತೆಗೆಯಬಹುದು.

ಹೆಣ್ಣು ಬೆಕ್ಕಿನ ನಾಳ ಅಗಲ, ಅಪರೂಪಕ್ಕೆ ಕಟ್ಟಿಕೊಳ್ಳುತ್ತದೆ. ಗಂಡು ನಾಯಿಗೂ ಈ ಅಪಾಯ ಇದೆ. ಅದರ ಶಿಶ್ನದೊಳಗೆ ಒಂದು ಎಲುಬು ಇರುತ್ತದೆ, ನಾಳ ಅಲ್ಲಿ ಹಿಗ್ಗುವುದಿಲ್ಲ, ಜಾರಿ ಬಂದ ಕಲ್ಲು ಎಲುಬಿನ ಹಿಂದೆ ನಿಂತುಬಿಡುತ್ತದೆ.

ಚುಕ್ಕಿಮನೆ:

ಹೋಗಿ ಬಂದೆವು. ನೀವೆಲ್ಲ ಹೇಳಿದ್ದೇ ನಿಜ. ನಾಳ ಪೂರ್ತಿ ಕಟ್ಟಿತ್ತು, ಪೊಟ್ಯಾಸಿಯಂ ಏರಿತ್ತು. ಮೊದಲು ಡ್ರಿಪ್ ಹಾಕಿ, ಹೃದಯ ಕಾಪಾಡಲು ಇಂಜೆಕ್ಷನ್ ಕೊಟ್ಟು, ಆಮೇಲೆ ಅರಿವಳಿಕೆ ಕೊಟ್ಟು ಕ್ಯಾಥೆಟರ್ (ಉಚ್ಚೆ ಹೊರಗೆ ಬರಲು ನಾಳದೊಳಗೆ ಹಾಕುವ ಸಣ್ಣ ಕೊಳವೆ) ಹಾಕಿದರು. ಬಿಳಿ ಬಿಳಿ ಮರಳಿನಂಥದ್ದು ಬಂತು, ಆಮೇಲೆ ಕೆಂಪು ಉಚ್ಚೆ. ಸ್ಕ್ಯಾನಿಂಗ್‌ನಲ್ಲಿ ಕಲ್ಲು ಇಲ್ಲ ಅಂದರು. ಕ್ಯಾಥೆಟರ್ ಇಟ್ಟುಕೊಂಡು ಅಲ್ಲೇ ಇದ್ದಾನೆ.

ಒಂದು ಅರ್ಥ ಆಗಲಿಲ್ಲ. ಕಟ್ಟಿಕೊಂಡಿದ್ದು ಬಿಡಿಸಿದ ಮೇಲೆ ಮನೆಗೆ ಕಳಿಸಬಹುದಲ್ವಾ? ಯಾಕೆ ಇಟ್ಟುಕೊಳ್ಳುತ್ತಾರೆ?

ಮೂಕಜೀವಿ_ಡಾಕ್ಟರ್:

ಒಳ್ಳೆಯ ಕೆಲಸ ಮಾಡಿದಿರಿ. ನಾನು ಪಶುವೈದ್ಯ, ಸಾಕುಪ್ರಾಣಿಗಳನ್ನೇ ನೋಡುವುದು. ಎರಡಕ್ಕೂ ಉತ್ತರ ಬರೆಯುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಬೆಕ್ಕನ್ನು ಇಟ್ಟುಕೊಳ್ಳುವುದಕ್ಕೆ ಕಾರಣ ಎರಡು. ಕಟ್ಟಿದ್ದು ಬಿಟ್ಟ ಮೇಲೆ ಕಿಡ್ನಿ ಒಂದೇ ಸಮ ಉಚ್ಚೆ ಸುರಿಸಲು ಶುರು ಮಾಡುತ್ತದೆ, ಅಷ್ಟು ನೀರನ್ನು ಡ್ರಿಪ್‌ನಲ್ಲಿ ತುಂಬಿಕೊಡದಿದ್ದರೆ ಬೆಕ್ಕು ಒಣಗಿಹೋಗುತ್ತದೆ. ಇನ್ನೊಂದು, ನಾಳ ಊದಿಕೊಂಡಿರುತ್ತದೆ, ಕ್ಯಾಥೆಟರ್ ತೆಗೆದ ಮೊದಲ ಕೆಲವು ದಿನ ಮತ್ತೆ ಕಟ್ಟಿಕೊಳ್ಳುವ ಸಂಭವ ಜಾಸ್ತಿ. ಮನೆಗೆ ಬಂದ ಮೇಲೂ ಟ್ರೇಯ ಉಂಡೆಗಳ ಗಾತ್ರ ನೋಡುತ್ತಿರಿ. ಎಂದಿನ ಗಾತ್ರದ ಉಂಡೆ ಎರಡು ಮೂರು ಸಿಕ್ಕರೆ ಸರಿ. ಗೋಲಿಯಷ್ಟು ಸಣ್ಣವು ಹತ್ತಾರು ಸಿಕ್ಕರೆ ಫೋನ್ ಮಾಡಿ. ಒಂದೂ ಸಿಗದಿದ್ದರೆ ಹೊರಡಿ.

ಅಂದ ಹಾಗೆ ಬೆಕ್ಕಿನಲ್ಲಿ ಕಲ್ಲು ಕಾಣದಿದ್ದುದು ಆಶ್ಚರ್ಯ ಅಲ್ಲ. ತಿಣುಕಿ ತಿಣುಕಿ ರಕ್ತದ ಉಚ್ಚೆ ಮಾಡುವ ಬೆಕ್ಕುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ಕಲ್ಲೂ ಇರುವುದಿಲ್ಲ, ಸೋಂಕೂ ಇರುವುದಿಲ್ಲ. ಮೂತ್ರಚೀಲದ ಉರಿಯೂತ ಇರುತ್ತದೆ, ಖಚಿತ ಕಾರಣ ಸಿಗುವುದಿಲ್ಲ. ಒತ್ತಡಕ್ಕೂ ಅದಕ್ಕೂ ನಂಟು ಇದೆ. ಹೊಸ ಪ್ರಾಣಿ, ಮನೆ ಬದಲಾವಣೆ, ಮನೆಯಲ್ಲಿ ಗಲಾಟೆ, ಕೊಳಕು ಟ್ರೇ, ಇವೇ ಸಾಕು. ಅದಕ್ಕೇ ಪ್ರತಿ ಸಲವೂ ಆಂಟಿಬಯೋಟಿಕ್ ಕೊಡಿ ಅಂತ ಹಠ ಹಿಡಿಯಬೇಡಿ.

ಈಗ ಚುಕ್ಕಿ. ಕರಗುತ್ತದೆ ಅನ್ನುವವರೂ ಸರಿ, ಕರಗುವುದಿಲ್ಲ ಅನ್ನುವವರೂ ಸರಿ. ಅವರ ನಾಯಿಗಳ ಕಲ್ಲು ಬೇರೆ ಬೇರೆ. ಕಲ್ಲು ಅಂದರೆ ಒಂದೇ ಕಾಯಿಲೆ ಅಲ್ಲ. ಯಾವ ಕಲ್ಲು ಅಂತ ಗೊತ್ತಾಗುವವರೆಗೆ ಆಹಾರವೋ ಆಪರೇಷನ್ನೋ ಎಂಬ ಜಗಳಕ್ಕೆ ಅರ್ಥವೇ ಇಲ್ಲ.

ಸ್ಟ್ರೂವೈಟ್ ಅಂದರೆ ಮೆಗ್ನೀಷಿಯಂ, ಅಮೋನಿಯಂ, ಫಾಸ್ಫೇಟ್ ಸೇರಿ ಆದ ಕಲ್ಲು. ನಾಯಿಗಳಲ್ಲಿ ಇದು ಸಾಮಾನ್ಯವಾಗಿ ಸೋಂಕಿನ ಬೆನ್ನಿಗೆ ಬರುತ್ತದೆ. ಸ್ಟ್ಯಾಫಿಲೊಕಾಕಸ್, ಪ್ರೋಟಿಯಸ್ ಥರದ ಬ್ಯಾಕ್ಟೀರಿಯಾ ಯೂರಿಯೇಸ್ ಎಂಬ ಕಿಣ್ವ ಬಿಡುತ್ತವೆ, ಅದು ಉಚ್ಚೆಯ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತದೆ, ಉಚ್ಚೆ ಕ್ಷಾರೀಯ ಆಗುತ್ತದೆ, ಹರಳು ಕಟ್ಟುತ್ತದೆ. ಹೆಣ್ಣು ನಾಯಿಗೆ ಸೋಂಕು ಸುಲಭ, ಅದಕ್ಕೇ ಇದು ಬಹುಪಾಲು ಹೆಣ್ಣು ನಾಯಿಗಳಲ್ಲೇ. ಬೆಕ್ಕಿನ ಸ್ಟ್ರೂವೈಟ್ ಬೇರೆ ಥರ, ಸಾಮಾನ್ಯವಾಗಿ ಸೋಂಕೇ ಇಲ್ಲದೆ ಆಗುತ್ತದೆ. ಎರಡೂ ಕರಗುತ್ತವೆ.

ಕ್ಯಾಲ್ಸಿಯಂ ಆಕ್ಸಲೇಟ್ ಎಂಬ ಇನ್ನೊಂದು ಥರದ ಕಲ್ಲು ಕರಗುವುದಿಲ್ಲ. ಯಾವ ಆಹಾರಕ್ಕೂ, ಯಾವ ಮಾತ್ರೆಗೂ, ಯಾವ ಬೇರಿನ ರಸಕ್ಕೂ ಕರಗುವುದಿಲ್ಲ. ಅದನ್ನು ತೆಗೆಯಲೇಬೇಕು, ಇಲ್ಲವೇ ತೊಂದರೆ ಕೊಡದಿದ್ದರೆ ಕಣ್ಣಿಟ್ಟು ಕಾಯಬೇಕು.

ನಿಮ್ಮ ರಿಪೋರ್ಟ್ ನೋಡಿದರೆ ಹೆಣ್ಣು ನಾಯಿ, ಪಿಎಚ್ 8 (ಅಂದರೆ ಉಚ್ಚೆ ಕ್ಷಾರೀಯ), ಬಿಳಿ ರಕ್ತಕಣ, ಎಕ್ಸ್‌ರೇಯಲ್ಲಿ ಚೆನ್ನಾಗಿ ಕಾಣುವ ನುಣುಪು ಕಲ್ಲು. ಎಲ್ಲವೂ ಸ್ಟ್ರೂವೈಟ್ ಕಡೆ ಕೈ ತೋರಿಸುತ್ತಿವೆ. ಕಲ್ಚರ್‌ನಲ್ಲಿ ಯೂರಿಯೇಸ್ ಬಿಡುವ ಬ್ಯಾಕ್ಟೀರಿಯಾ ಬಂದರೆ ನಾನಾದರೆ ಮೊದಲು ಕರಗಿಸಲು ನೋಡುತ್ತೇನೆ. ಅಮೆರಿಕದ ಪಶುವೈದ್ಯಕೀಯ ತಜ್ಞರ ಸಂಘ ಎಸಿವಿಐಎಂ 2016ರಲ್ಲಿ ಕೊಟ್ಟ ಸಲಹೆಯೂ ಅದೇ, ಸ್ಟ್ರೂವೈಟ್ ಇರಬಹುದು ಅನ್ನಿಸಿದರೆ ಮೊದಲು ಕರಗಿಸಿ ನೋಡಿ ಅಂತ.

ಒಂದು ಎಚ್ಚರಿಕೆ. "ಸ್ಟ್ರೂವೈಟ್ ಹರಳು ಇದೆ" ಎಂಬ ಒಂದು ಸಾಲನ್ನೇ ನೆಚ್ಚಿಕೊಳ್ಳಬೇಡಿ. ಹರಳು ಬೇರೆ, ಕಲ್ಲು ಬೇರೆ. ಆರೋಗ್ಯವಾಗಿರುವ ನಾಯಿಯ ಉಚ್ಚೆಯಲ್ಲೂ ಆ ಹರಳು ಸಿಗುತ್ತದೆ. ಸ್ಯಾಂಪಲ್ ಫ್ರಿಜ್‌ನಲ್ಲಿ ಕೂತರೆ ಬಾಟಲಿಯೊಳಗೇ ಹರಳು ಹುಟ್ಟುತ್ತದೆ. ಒಳಗೆ ಆಕ್ಸಲೇಟ್ ಕಲ್ಲು ಇದ್ದು ಉಚ್ಚೆಯಲ್ಲಿ ಸ್ಟ್ರೂವೈಟ್ ಹರಳು ಕಾಣುವುದೂ ಉಂಟು.

ಶಿಟ್ಜು_ಅಪ್ಪ:

ಡಾಕ್ಟರೇ, ನನಗೆ ಸ್ವಲ್ಪ ಬೇರೆ ಅಭಿಪ್ರಾಯ ಇದೆ. ನಮ್ಮ ಹುಡುಗ ಶಿಟ್ಜು, ಅವನಿಗೂ ಮೊದಲು ಕರಗಿಸುವ ಆಹಾರವೇ ಕೊಟ್ಟರು. ತಿಂಗಳುಗಟ್ಟಲೆ ಕೊಟ್ಟೆವು. ಎಕ್ಸ್‌ರೇಯಲ್ಲಿ ಕಲ್ಲು ಒಂದಿಷ್ಟೂ ಕರಗಲಿಲ್ಲ. ಕೊನೆಗೆ ಕೊಯ್ದು ತೆಗೆದರೆ ಮುಳ್ಳುಮುಳ್ಳಾದ ಸಣ್ಣ ಕಲ್ಲುಗಳು, ಕೈಯಲ್ಲಿ ಹಿಡಿದರೆ ಚುಚ್ಚುತ್ತವೆ. ಪರೀಕ್ಷೆಗೆ ಕಳಿಸಿದಾಗ ಆಕ್ಸಲೇಟ್ ಅಂತ ಬಂತು. ಅಷ್ಟು ದಿನ ಆ ಮುಳ್ಳು ಹೊತ್ತುಕೊಂಡು ಓಡಾಡಿತಲ್ಲ ಅಂತ ಈಗಲೂ ಸಂಕಟ ಆಗುತ್ತದೆ. ಅದಕ್ಕೇ ಹೇಳುತ್ತೇನೆ, ಸುಮ್ನೆ ಎಳೆದಾಡುವ ಬದಲು ತೆಗೆಸಿಬಿಡಿ, ಏನು ಅಂತ ಕೈಯಲ್ಲೇ ಗೊತ್ತಾಗುತ್ತದೆ.

ಮೂಕಜೀವಿ_ಡಾಕ್ಟರ್:

ನಿಮ್ಮ ಸಂಕಟ ಅರ್ಥ ಆಗುತ್ತದೆ. ಆದರೆ ನಿಮ್ಮ ನಾಯಿ ಗಂಡು, ಶಿಟ್ಜು. ಆಕ್ಸಲೇಟ್ ಗಂಡು ನಾಯಿಗಳಲ್ಲಿ ಜಾಸ್ತಿ. ತಳಿ ಲೆಕ್ಕದಲ್ಲಿ ಮಿನಿಯೇಚರ್ ಷ್ನೌಜರ್, ಶಿಟ್ಜು, ಲಾಸಾ ಆಪ್ಸೊ, ಯಾರ್ಕ್‌ಶೈರ್ ಟೆರಿಯರ್, ಬಿಷಾನ್ ಫ್ರೀಜ್ ಇವೆಲ್ಲ ಮುಂದೆ. ಗಂಡು ಶಿಟ್ಜು, ಸೋಂಕು ಇಲ್ಲ, ಉಚ್ಚೆ ಆಮ್ಲೀಯ ಅಂದರೆ ನಾನೂ ಕರಗಿಸುವ ಮಾತೇ ಎತ್ತುವುದಿಲ್ಲ.

ಇನ್ನು ತಿಂಗಳುಗಟ್ಟಲೆ ಕಾದಿದ್ದು. ಕರಗಿಸುವುದಕ್ಕೂ ಒಂದು ಗಡುವು ಬೇಕು. ಸುಮಾರು 4 ವಾರಕ್ಕೆ ಎಕ್ಸ್‌ರೇ ತೆಗೆದಾಗ ಕಲ್ಲು ಸಣ್ಣದಾಗಿರಬೇಕು. ಆಗಿಲ್ಲ ಅಂದರೆ ಮೂರರಲ್ಲಿ ಒಂದು: ಅದು ಸ್ಟ್ರೂವೈಟ್ ಅಲ್ಲ, ಸೋಂಕು ಹತೋಟಿಗೆ ಬಂದಿಲ್ಲ, ಇಲ್ಲವೇ ಮನೆಯಲ್ಲಿ ಯಾರೋ ಬೇರೆ ತಿಂಡಿ ಕೊಡುತ್ತಿದ್ದಾರೆ. ಮೂರನೆಯದೇ ಜಾಸ್ತಿ, ಕೇಳಿದರೆ ಯಾರೂ ಒಪ್ಪುವುದಿಲ್ಲ ಅಷ್ಟೆ.

ಚುಕ್ಕೆನಾಯಿ:

ನಾನೂ ಒಂದು ಸೇರಿಸುತ್ತೇನೆ. ನಮ್ಮದು ಡಾಲ್ಮೇಷಿಯನ್. ಎಕ್ಸ್‌ರೇಯಲ್ಲಿ "ಏನೂ ಇಲ್ಲ" ಅಂದರು. ಆದರೆ ಅವನು ಕಾಲೆತ್ತಿ ನಿಂತವನು ನಿಂತೇ ಇರುತ್ತಿದ್ದ. ಸ್ಕ್ಯಾನಿಂಗ್ ಮಾಡಿದಾಗ ಚೀಲದ ತಳದಲ್ಲಿ ರಾಶಿ ಕಲ್ಲು. ಯೂರಿಕ್ ಆಮ್ಲದಿಂದ ಆಗುವ ಯೂರೇಟ್ ಕಲ್ಲು ಸಾದಾ ಎಕ್ಸ್‌ರೇಯಲ್ಲಿ ಸರಿಯಾಗಿ ಕಾಣುವುದಿಲ್ಲವಂತೆ. ಹಾಗಾಗಿ ಎಕ್ಸ್‌ರೇ ಚೆನ್ನಾಗಿದೆ ಎಂದ ಮಾತ್ರಕ್ಕೆ ಕಲ್ಲಿಲ್ಲ ಅಂತ ನಿಶ್ಚಿಂತೆಯಿಂದ ಇರಬೇಡಿ.

ಮೂಕಜೀವಿ_ಡಾಕ್ಟರ್:

ಸರಿಯಾಗಿ ಹೇಳಿದಿರಿ. ಡಾಲ್ಮೇಷಿಯನ್ ತಳಿಗೆ ಹುಟ್ಟಿನಿಂದಲೇ ಒಂದು ಜೀನ್ ದೋಷ ಇದೆ, ಯೂರಿಕ್ ಆಮ್ಲವನ್ನು ಬೇರೆ ನಾಯಿಗಳ ಹಾಗೆ ಮುಂದಿನ ಹಂತಕ್ಕೆ ಒಡೆಯಲು ಆಗುವುದಿಲ್ಲ, ಅದು ಉಚ್ಚೆಗೆ ಬರುತ್ತದೆ. 1973ರಲ್ಲಿ ಅಮೆರಿಕದಲ್ಲಿ ಒಂದು ಡಾಲ್ಮೇಷಿಯನ್ನನ್ನು ಪಾಯಿಂಟರ್ ಜೊತೆ ಕೂಡಿಸಿ, ಹುಟ್ಟಿದ ಮರಿಗಳನ್ನು ಮತ್ತೆ ಮತ್ತೆ ಡಾಲ್ಮೇಷಿಯನ್ ಜೊತೆಗೇ ಕೂಡಿಸುತ್ತಾ ಬಂದು ಈ ದೋಷ ಇಲ್ಲದ ವಂಶ ಬೆಳೆಸಿದರು. ತಳಿಶುದ್ಧಿ ಅಂತ ಕೂಗಾಡುವವರು ಅದನ್ನು ಒಪ್ಪಲು ಎಷ್ಟೋ ವರ್ಷ ಹಿಡಿಯಿತು ಅನ್ನುವುದು ಬೇರೆ ಕಥೆ.

ಡಾಲ್ಮೇಷಿಯನ್ ಅಲ್ಲದ ನಾಯಿಗೆ, ಅದರಲ್ಲೂ ಎಳೆಯ ನಾಯಿಗೆ ಯೂರೇಟ್ ಕಲ್ಲು ಸಿಕ್ಕರೆ ಲಿವರ್ ಪರೀಕ್ಷೆ ಮಾಡಿಸಲೇಬೇಕು. ಲಿವರ್‌ಗೆ ಹೋಗಬೇಕಾದ ರಕ್ತ ಅಡ್ಡದಾರಿ ಹಿಡಿದಿರುವ ಸಾಧ್ಯತೆ ಇರುತ್ತದೆ. ಸಿಸ್ಟೀನ್ ಎಂಬ ಇನ್ನೊಂದು ಕಲ್ಲಿದೆ. ಕೆಲವು ತಳಿಗಳಲ್ಲಿ ಬೀಜ ತೆಗೆಸದ ಗಂಡು ನಾಯಿಗಳಿಗೆ ಮಾತ್ರ ಬರುತ್ತದೆ, ಬೀಜ ತೆಗೆಸಿದರೆ ಕಡಿಮೆ ಆಗುತ್ತದೆ.

ಚುಕ್ಕಿಮನೆ:

ಬೆಕ್ಕು ಮನೆಗೆ ಬಂದ. ಸೋತಿದ್ದಾನೆ, ಆದರೆ ಉಚ್ಚೆ ಸಲೀಸಾಗಿ ಆಗುತ್ತಿದೆ. ಚುಕ್ಕಿಯ ಕಲ್ಚರ್‌ನಲ್ಲಿ ಸ್ಟ್ಯಾಫಿಲೊಕಾಕಸ್ ಬಂದಿದೆ. ಕರಗಿಸುವುದು ಅಂತ ನಿರ್ಧಾರ ಮಾಡಿದೆವು, ಆಂಟಿಬಯೋಟಿಕ್ ಶುರು ಆಗಿದೆ.

ಈಗ ಇಬ್ಬರಿಗೂ ಡಾಕ್ಟರ್ ಬರೆದುಕೊಟ್ಟ ಆಹಾರ ಬಂದಿದೆ. ಈ ನಾಯಿ ಬೆಕ್ಕು ಇಬ್ಬರಲ್ಲಿ ಒಬ್ಬರ ಬಟ್ಟಲು ಇನ್ನೊಬ್ಬರು ನೆಕ್ಕುವುದು ಮಾಮೂಲು. ಎರಡೂ ಮೂತ್ರದ ಕಲ್ಲಿನದೇ ಅಲ್ವಾ, ನಡೆಯುತ್ತದಾ? ಮತ್ತೆ ನೀರಿನಿಂದಲೇ ಕಲ್ಲು ಆಗುತ್ತದೆ ಅಂತ ಪಕ್ಕದ ಮನೆಯವರು ಹೇಳುತ್ತಾರೆ, ಫಿಲ್ಟರ್ ನೀರೇ ಕೊಡಬೇಕಾ?

ಮೂಕಜೀವಿ_ಡಾಕ್ಟರ್:

ನಡೆಯುವುದಿಲ್ಲ. ಬೆಕ್ಕಿನದು ಬೆಕ್ಕಿಗೆ, ನಾಯಿಯದು ನಾಯಿಗೆ. ನಾಯಿಯ ಕಲ್ಲು ಕರಗಿಸಲು ಕೊಡುವ ಆಹಾರದಲ್ಲಿ ಪ್ರೋಟೀನ್ ಕಡಿಮೆ ಇರುತ್ತದೆ, ಅದು ಬೆಕ್ಕಿಗೆ ಸಾಲದು. ಬೆಕ್ಕಿನ ಆಹಾರ ಚುಕ್ಕಿ ತಿಂದರೆ ಅದರ ಪ್ರೋಟೀನೇ ಯೂರಿಯಾ ಆಗಿ ಬ್ಯಾಕ್ಟೀರಿಯಾಕ್ಕೆ ಸಿಗುತ್ತದೆ, ನೀವು ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ಬೇರೆ ಬೇರೆ ಕೋಣೆಯಲ್ಲಿ ಊಟ ಹಾಕಿ, ತಿಂದ ತಕ್ಷಣ ಬಟ್ಟಲು ಎತ್ತಿಬಿಡಿ. ಬಿಸ್ಕತ್ತು, ಚೀಸು, ತಟ್ಟೆಯಲ್ಲಿ ಉಳಿದದ್ದು, ಯಾವುದೂ ಬೇಡ. ಅಜ್ಜಿ ತಾತ ಮಕ್ಕಳು ಎಲ್ಲರಿಗೂ ಹೇಳಿ.

ನಾಯಿಯ ಈ ಆಹಾರ ಹೊಟ್ಟೆಯಲ್ಲಿ ಮರಿ ಇರುವ ನಾಯಿಗೆ, ಬೆಳೆಯುವ ಮರಿಗೆ, ಹೃದಯದ ತೊಂದರೆ ಇರುವ ನಾಯಿಗೆ ಆಗುವುದಿಲ್ಲ. ಚುಕ್ಕಿಗೆ ಅವು ಯಾವುದೂ ಇಲ್ಲವಾದರೆ ಯೋಚನೆ ಇಲ್ಲ. ಆಂಟಿಬಯೋಟಿಕ್ ಮಾತ್ರ ನೀವಾಗಿ ನಿಲ್ಲಿಸಬೇಡಿ. ಕಲ್ಲಿನ ಪದರಗಳ ಒಳಗೇ ಬ್ಯಾಕ್ಟೀರಿಯಾ ಕೂತಿರುತ್ತವೆ, ಕಲ್ಲು ಕರಗುತ್ತಾ ಹೋದ ಹಾಗೆ ಅವು ಹೊರಗೆ ಬರುತ್ತವೆ. ರಕ್ತ ನಿಂತಿತು, ಓಡಾಡುತ್ತಾಳೆ ಅಂತ ಬಿಟ್ಟವರೇ ಮತ್ತೆ ಬರುವುದು.

ಬೆಕ್ಕಿಗೆ ಸೋಂಕಿಲ್ಲದ ಸ್ಟ್ರೂವೈಟ್ ಕಲ್ಲು ಇದ್ದರೆ ಸಾಮಾನ್ಯವಾಗಿ 2ರಿಂದ 5 ವಾರದಲ್ಲಿ ಕರಗುತ್ತದೆ. ನಾಯಿಗೆ ಅದಕ್ಕಿಂತ ಜಾಸ್ತಿ ಹಿಡಿಯುತ್ತದೆ, ಒಂದೆರಡು ತಿಂಗಳು ಅಂದುಕೊಳ್ಳಿ. ಕಲ್ಲು ದೊಡ್ಡದಿದ್ದರೆ ಇನ್ನೂ ಜಾಸ್ತಿ.

ನೀರು. ಯಾವ ನೀರು ಎನ್ನುವುದಕ್ಕಿಂತ ಎಷ್ಟು ನೀರು ಎನ್ನುವುದು ಮುಖ್ಯ. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ನೀರು ಇಂಗಿದಷ್ಟೂ ಬಿಳಿ ಕರೆ ಕಟ್ಟುತ್ತದಲ್ಲ, ಉಚ್ಚೆ ಗಟ್ಟಿಯಾದಷ್ಟೂ ಒಳಗೆ ನಡೆಯುವುದು ಅದೇ. ಒಣ ಆಹಾರದಲ್ಲಿ ನೀರು 10% ಆಸುಪಾಸು, ಡಬ್ಬಿಯ ಹಸಿ ಆಹಾರದಲ್ಲಿ 75%ಕ್ಕೂ ಮೇಲೆ. ಬೆಕ್ಕಿಗೆ ಎಷ್ಟು ಬಟ್ಟಲು ನೀರಿಟ್ಟರೂ ಒಣ ಆಹಾರದ ಕೊರತೆ ಪೂರ್ತಿ ತುಂಬಿಕೊಳ್ಳುವುದಿಲ್ಲ, ಅದರ ಸ್ವಭಾವವೇ ಹಾಗೆ. ಹಸಿ ಆಹಾರ ಕೊಡಿ, ಅದಕ್ಕೂ ಎರಡು ಚಮಚ ನೀರು ಬೆರೆಸಿ. ಉಚ್ಚೆಯ ಸಾಂದ್ರತೆ (ನೀರಿಗೆ ಹೋಲಿಸಿದರೆ ಎಷ್ಟು ಗಟ್ಟಿ ಎಂಬ ಅಂಕಿ) ಬೆಕ್ಕಿಗೆ 1.030ರ ಕೆಳಗೆ, ನಾಯಿಗೆ 1.020ರ ಕೆಳಗೆ ಇರುವ ಹಾಗೆ ನೋಡಿಕೊಳ್ಳಬೇಕು. ಪ್ರತಿ ಸಲ ತಪಾಸಣೆಗೆ ಹೋದಾಗ ಈ ಅಂಕಿ ಕೇಳಿ ಬರೆದಿಟ್ಟುಕೊಳ್ಳಿ.

ಇನ್ನೊಂದು, ಇಂಟರ್ನೆಟ್ ನೋಡಿ ವಿನಿಗರ್, ವಿಟಮಿನ್ ಸಿ ಕೊಟ್ಟು ಉಚ್ಚೆಯನ್ನು ಹುಳಿ ಮಾಡಲು ಹೋಗಬೇಡಿ. ವಿಟಮಿನ್ ಸಿ ದೇಹದಲ್ಲಿ ಆಕ್ಸಲೇಟ್ ಆಗುತ್ತದೆ. ಒಂದು ಕಲ್ಲು ಓಡಿಸಲು ಹೋಗಿ ಇನ್ನೊಂದನ್ನು ಕರೆಯುವುದು ಹೀಗೇ. 1980ರ ದಶಕದಲ್ಲಿ ಬೆಕ್ಕಿನ ಕಲ್ಲು ಅಂದರೆ ಬಹುಪಾಲು ಸ್ಟ್ರೂವೈಟ್. ಆಮೇಲೆ ಕಂಪನಿಗಳು ಆಹಾರದಲ್ಲಿ ಮೆಗ್ನೀಷಿಯಂ ಕಡಿಮೆ ಮಾಡಿ ಉಚ್ಚೆ ಆಮ್ಲೀಯ ಆಗುವ ಹಾಗೆ ಮಾಡಿದವು. ಸ್ಟ್ರೂವೈಟ್ ಇಳಿಯಿತು, ಅದೇ ಹೊತ್ತಿಗೆ ಆಕ್ಸಲೇಟ್ ಏರಿತು. ಆಹಾರ ಒಂದೇ ಕಾರಣ ಅಂತ ಹೇಳಲು ಬರುವುದಿಲ್ಲ, ಆದರೆ ಪಾಠ ಸಿಕ್ಕಿತು.

ಶಿಟ್ಜು_ಅಪ್ಪ:

ಮುಂದೆ ಆಪರೇಷನ್ ಆಗಲೇಬೇಕು ಅನ್ನುವ ಹಾಗಾದರೆ ಎರಡು ಮಾತು. ಹೊಲಿಗೆ ಹಾಕಿದ ಮೇಲೆ, ಅದೇ ದಿನ ಇನ್ನೊಂದು ಎಕ್ಸ್‌ರೇ ತೆಗೆಸಿ ಅಂತ ಕೇಳಿ, ಸಣ್ಣ ಕಲ್ಲು ನಾಳದಲ್ಲಿ ಉಳಿದಿರುತ್ತದೆ. ಮತ್ತೆ ತೆಗೆದ ಕಲ್ಲನ್ನು ನೆನಪಿಗೆ ಅಂತ ಡಬ್ಬಿಯಲ್ಲಿಟ್ಟು ಮನೆಗೆ ತರಬೇಡಿ, ಪರೀಕ್ಷೆಗೆ ಕಳಿಸಿ.

ಮೂಕಜೀವಿ_ಡಾಕ್ಟರ್:

ಎರಡೂ ಒಳ್ಳೆಯ ಮಾತು. ಕಲ್ಲನ್ನು ಒಣಗಿಸಿ ಕಳಿಸಬೇಕು, ಫಾರ್ಮಲಿನ್‌ನಲ್ಲಿ (ಮಾಂಸದ ತುಣುಕು ಕೆಡದಂತೆ ಇಡುವ ದ್ರಾವಣ) ಹಾಕಿದರೆ ಸ್ಟ್ರೂವೈಟ್ ಬೇರೆ ಖನಿಜವಾಗಿ ಬದಲಾಗಿ ರಿಪೋರ್ಟ್ ದಾರಿ ತಪ್ಪುತ್ತದೆ. ಅಮೆರಿಕದ ಮಿನ್ನೆಸೋಟಾ ವಿಶ್ವವಿದ್ಯಾಲಯದಲ್ಲಿ 1981ರಿಂದ ಇದಕ್ಕೆಂದೇ ಒಂದು ಕೇಂದ್ರ ಇದೆ, ಬೇರೆ ದೇಶಗಳಿಂದಲೂ ಕಲ್ಲು ಕಳಿಸುತ್ತಾರೆ. ಕಲ್ಲಿನ ನಡುಭಾಗ ಒಂದು ಥರ, ಹೊರಪದರ ಇನ್ನೊಂದು ಥರ ಇರುವುದುಂಟು, ಅದಕ್ಕೇ ಪದರ ಪದರವಾಗಿ ನೋಡುವ ಲ್ಯಾಬ್ ಬೇಕು.

ಚುಕ್ಕಿಮನೆ:

ಎಲ್ಲರಿಗೂ ತುಂಬ ಥ್ಯಾಂಕ್ಸ್. ಇಬ್ಬರ ಊಟವೂ ಬೇರೆ ಕೋಣೆಗೆ ಹೋಯಿತು, ಅವಳು ಬಾಗಿಲು ಕೆರೆಯುತ್ತಾ ಕೂತಿದ್ದಾಳೆ. ಕೊನೆಯದಾಗಿ ಒಂದೇ ಪ್ರಶ್ನೆ, ಬೆಕ್ಕಿನ ಟ್ರೇ ಈಗ ಒಂದೇ ಇದೆ, ಮುಚ್ಚಳ ಇರುವಂಥದ್ದು. ಬದಲಿಸಬೇಕಾ?

ಹಳೇಬೆಕ್ಕು:

ಬೆಕ್ಕು ಒಂದಾದರೆ ಟ್ರೇ ಎರಡು, ಬೇರೆ ಬೇರೆ ಜಾಗದಲ್ಲಿ. ಮುಚ್ಚಳ ತೆಗೆದುಬಿಡಿ, ಅವನು ಎಷ್ಟು ಹೊತ್ತು ಕೂರುತ್ತಾನೆ ಅಂತ ನಿಮಗೆ ಕಾಣಬೇಕು. ಚುಕ್ಕಿ ಬಂದು ಮೂಗು ತೂರಿಸುವ ಕಡೆ ಇಡಬೇಡಿ.